ನನ್ನ ದಿನಕ್ಕೊಂದು ರಂಗೋಲಿ

ಯಾವ ಕೆಲಸವನ್ನೂ ನಾಲ್ಕು ದಿನ ಬಿಡದೆ ಮಾಡಲಾರದ ಮನುಷ್ಯ ಐದನೇ ದಿನ ಊರಿನ ನಗೆಗೆ ಸಿಗುತ್ತಾನೆ. ನಾನು ಸಿಗುತ್ತಲೇ ಇರುತ್ತೇನೆ. ನನ್ನ ಡೈರಿಗಳೆಲ್ಲ ಸಂಕ್ರಾಂತಿಗೇ ಮುಗಿದಿವೆ. ಕೊಳಲನ್ನು ಊದಲು ಬರುವ ಮೊದಲೇ ಬಿಟ್ಟೆ.

ಹೆಂಡತಿ ಹಾಗಲ್ಲ. ಇಪ್ಪತ್ತೊಂದು ವರ್ಷ ದಿನಾ ಬೆಳಿಗ್ಗೆ ನಮ್ಮ ಬನಹಟ್ಟಿ ಮನೆಯ ಬಾಗಿಲಿಗೆ ರಂಗೋಲಿ ಹಾಕಿದಳು. ನಿನ್ನೆ ಹಾಕಿದ್ದನ್ನು ಇವತ್ತು ಹಾಕುತ್ತಿರಲಿಲ್ಲ. ಜಮಖಂಡಿಯ ಆಸ್ಪತ್ರೆಯಲ್ಲಿ ಕೊನೆಗೆ ಹೇಳಿದ್ದೂ ಅದನ್ನೇ: "ಬಾಗಲಾ ಬರೇ ಬಿಡಬ್ಯಾಡ್ರಿ."

ನಾನು ಹೂಂ ಅಂದೆ. ಹೂಂ ಅಂದ ಮೇಲೆ ಮಾಡಬೇಕಲ್ಲ.

ಮೊದಲನೇ ದಿನ

ನಾನು ಗಣಿತದ ಮಾಸ್ತರ. ಬರಿಗೈಯಿಂದ ಎಳೆದ ಗೆರೆಯನ್ನು ನಂಬುವವನಲ್ಲ. ಅವಳ ದಿನಕಾರ್ಯ ಮುಗಿದ ಮರುದಿನ ಎರಡು ಮೊಳೆ, ಒಂದು ಗಟ್ಟಿ ದಾರ, ಶಾಲೆಯಿಂದ ತಂದ ಕಟ್ಟಿಗೆಯ ಮೂಲೆಮಟ್ಟ ಹಿಡಿದು ಅಂಗಳಕ್ಕೆ ಇಳಿದೆ. ಮೊಳೆಯಿಂದ ಮೊಳೆಗೆ ದಾರ ಕಟ್ಟಿ, ಅದರ ಗುಂಟ ಪುಡಿ ಬಿಟ್ಟು, ಒಂದು ಚೌಕ, ಅದರೊಳಗೆ ಇನ್ನೊಂದು ಚೌಕ ಮಾಡಿದೆ. ಕೋನಗಳೆಲ್ಲ ತೊಂಬತ್ತು ಡಿಗ್ರಿ, ಪರೀಕ್ಷಿಸಿ ನೋಡಿದ್ದೆ. ಒಂದೂವರೆ ತಾಸು ಹಿಡಿಯಿತು. ಚಿಮ್ಮಡದ ಶಾಲೆಗೆ ಹೋಗುವ ಬಸ್ಸು ತಪ್ಪಿತು.

ಎದುರುಮನೆಯ ಅಕ್ಕ ಕೊಡ ಹೊತ್ತು ನಿಂತು ಬಹಳ ಹೊತ್ತು ನೋಡಿದರು. ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಮನೆ ಕಟ್ಟುವ ಒಬ್ಬ ಗೌಂಡಿ ಕುಳಿತಿದ್ದ. ಎದ್ದು ನಮಸ್ಕಾರ ಮಾಡಿದ.

"ಪಾಯಾ ಯಾವಾಗ ತಗಸ್ತೀರಿ, ಸರ?"

ಕರೆಂಟು

ಬೆಳಿಗ್ಗೆ ಏಳುವುದೇ ನನಗೆ ಕಷ್ಟ. ಗಡಿಯಾರದ ಗಂಟೆಯನ್ನು ನಿದ್ದೆಯಲ್ಲೇ ಬಂದ್ ಮಾಡುತ್ತೇನೆ. ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗ. ಕರೆಂಟು ಬಂದ ಕೂಡಲೆ ಎಲ್ಲ ಒಟ್ಟಿಗೆ ಖಟಖಟ ಶುರುವಾದರೆ ಗೋಡೆಯ ಮೇಲಿನ ಕನ್ನಡಿ ಸಹಿತ ನಡುಗುತ್ತದೆ. ಆ ವಾರ ಕರೆಂಟು ಸರಿಯಾಗಿ ಆರಕ್ಕೆ ಬರುತ್ತಿತ್ತು. ಇದೇ ನನ್ನ ಗಡಿಯಾರ ಎಂದು ತೀರ್ಮಾನಿಸಿದೆ. ಆರು ದಿನ ಆರು ಹೊಸ ರಂಗೋಲಿ ಬಿದ್ದವು. ಜೀವನದಲ್ಲಿ ಮೊದಲ ಸಲ ನಾನು ನೇಮದ ಮನುಷ್ಯನಾಗಿದ್ದೆ.

ಸೋಮವಾರ ಕರೆಂಟಿನ ಪಾಳಿ ಬದಲಾಯಿತು, ನನಗೆ ಗೊತ್ತಿರಲಿಲ್ಲ. ಮಗ್ಗ ಶುರುವಾದಾಗ ಎದ್ದೆ, ಸಮಾಧಾನದಿಂದ ರಂಗೋಲಿ ಹಾಕಿದೆ, ಸ್ನಾನ ಮಾಡಿದೆ. ಶಾಲೆ ಮುಟ್ಟಿದಾಗ ಮಕ್ಕಳು ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಹೆಡ್‌ಮಾಸ್ತರರಿಗೆ ನಡೆದದ್ದನ್ನು ನಡೆದ ಹಾಗೆಯೇ ವಿವರಿಸಿದೆ. ಅವರು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಇನ್ನ ಮ್ಯಾಲ ರಜಾ ಅರ್ಜಿ ಲೈನ್‌ಮನ್‌ಗೆ ಬರೀರಿ," ಎಂದರು.

ನವಿಲು

ಚುಕ್ಕಿಗಳು ಒಂದೇ ಗಾತ್ರ ಬರುತ್ತಿರಲಿಲ್ಲ. ಅದು ನನ್ನನ್ನು ಬಹಳ ಕಾಡುತ್ತಿತ್ತು. ಪಕ್ಕದ ಮನೆಯ ನೇಕಾರ ಕಾಕಾನ ಕಟ್ಟೆಯ ಮೇಲೆ ತೂತು ಹೊಡೆದ ರಟ್ಟಿನ ಪಟ್ಟಿಗಳ ರಾಶಿ ಬಿದ್ದಿತ್ತು. ಸೀರೆಯ ನಕ್ಷೆಗಾಗಿ ಅವನ್ನು ಸಾಲಾಗಿ ಪೋಣಿಸಿ ಮಗ್ಗದ ಮೇಲೆ ಏರಿಸುತ್ತಾರೆ. ಒಂದೊಂದು ಪಟ್ಟಿ ನಕ್ಷೆಯ ಒಂದೊಂದು ಗೆರೆಗೆ. ಹಳೆಯವು ಬಿಸಾಕಿದ್ದಾರೆ ಎಂದುಕೊಂಡು ಎಂಟು ಪಟ್ಟಿ ಎತ್ತಿಕೊಂಡು ಬಂದೆ. ನೆಲದ ಮೇಲಿಟ್ಟು ಪುಡಿ ಉದುರಿಸಿದರೆ ಎಂಥ ಚುಕ್ಕಿಗಳು. ಒಂದರಂತೆ ಇನ್ನೊಂದು. ಚುಕ್ಕಿ ಸೇರಿಸುವ ಕೆಲಸವೊಂದೇ ಉಳಿಯಿತು. ನಾಲ್ಕು ದಿನ ಸುಖವಾಗಿ ಕಳೆದೆ.

ಐದನೇ ದಿನ ಕಾಕಾ ಅರ್ಧ ನೇಯ್ದ ಸೀರೆಯ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಸೆರಗಿನ ತುಂಬ ನವಿಲು. ಒಂದಕ್ಕೂ ಕಾಲಿರಲಿಲ್ಲ. ಎಲ್ಲ ಬಾತುಕೋಳಿಯ ಹಾಗೆ ಅಂಚಿನ ಮೇಲೆ ಕುಳಿತಿದ್ದವು. ಕಾಕಾ ಸಿಟ್ಟು ಮಾಡಲಿಲ್ಲ. ಬಗ್ಗಿ ನನ್ನ ಚುಕ್ಕಿಗಳನ್ನು ಬೆರಳಿನಿಂದ ಎಣಿಸುತ್ತ ಬಂದರು.

"ಕಾಲು ಇಲ್ಲೇ ಅದಾವ ನೋಡ್ರಿ, ಮಾಸ್ತರ್ರ," ಎಂದರು.

ಬರಿದಾದ ಬಾಗಿಲು

ನಮ್ಮ ಓಣಿಯಲ್ಲಿ ಒಂದು ರೂಢಿ ಇದೆ. ಸಾವಾದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ. ಮಣ್ಣಾಗುವ ತನಕ ಅಕ್ಕಪಕ್ಕದ ಮನೆಗಳಲ್ಲಿ ಒಲೆಯನ್ನೂ ಹಚ್ಚುವುದಿಲ್ಲ.

ಮುಧೋಳದಲ್ಲಿ ಶಿಕ್ಷಕರ ತರಬೇತಿ ಇತ್ತು. ಮೊದಲನೇ ಬಸ್ಸಿಗೆ ಹೊರಡುವ ಅವಸರದಲ್ಲಿ ರಂಗೋಲಿ ಹಾಕಲಾಗಲಿಲ್ಲ. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಹಿತ್ತಲ ಬಾಗಿಲಿನಿಂದ ಹೋದೆ. ಅದು ಇನ್ನೊಂದು ಓಣಿಗೆ ತೆರೆಯುತ್ತದೆ. ಬಸ್ಸಿನಲ್ಲಿ ಕೂತ ಮೇಲೆ ಬರಿದಾದ ಬಾಗಿಲು ನೆನಪಾಗಿ ಲೋಕಾಪುರದ ತನಕ ನಡೆದು ಹೋದವನ ಹಾಗೆ ಸುಸ್ತಾದೆ. ಅವಳಿಗೆ ಹೂಂ ಅಂದಿದ್ದೆನಲ್ಲ. ತರಬೇತಿ ಮುಂದಕ್ಕೆ ಹೋಗಿದೆ ಎಂದು ಅಲ್ಲಿ ಹೇಳಿದಾಗ ಖುಷಿಯಾಗಿ ಓಡಿ ಬಂದೆ.

ಹನ್ನೊಂದಕ್ಕೆ ಓಣಿಗೆ ಕಾಲಿಟ್ಟರೆ ಒಂದೂ ಮಗ್ಗದ ಸಪ್ಪಳವಿಲ್ಲ. ನಮ್ಮ ಮನೆಯ ಮುಂದೆ ಜನ ಸಾಲಾಗಿ ಕುಳಿತಿದ್ದಾರೆ. ಬೆನ್ನು ನನ್ನ ಕಡೆಗೆ, ಮುಖ ಬಾಗಿಲ ಕಡೆಗೆ. ಕೊನೆಯಲ್ಲಿ ಕುಳಿತ ಗುರುತಿಲ್ಲದ ಮುದುಕರೊಬ್ಬರನ್ನು ಯಾರು ಹೋದರು ಎಂದು ಕೇಳಿದೆ.

"ಮಾಸ್ತರ. ಚಿಲಕ ಒಳಗಿಂದ ಐತಿ. ಬಡಿಗ್ಯಾರನ್ನ ಕರ್ಯಾಕ ಹೋಗ್ಯಾರ," ಎಂದರು.

ಏನು ಮಾಡಬೇಕು ತಿಳಿಯಲಿಲ್ಲ. ಚಪ್ಪಲಿ ಬಿಟ್ಟು ನಾನೂ ಅವರ ಪಕ್ಕ ಕುಳಿತೆ. ಹೆಂಡತಿ ಹೋದಂದು ನಾನು ಅತ್ತಿರಲಿಲ್ಲ. ಅವತ್ತು, ನನ್ನದೇ ಸಾವಿನಲ್ಲಿ, ಕಣ್ಣು ತುಂಬಿ ಬಂತು. ಮುದುಕರು ನನ್ನ ಬೆನ್ನ ಮೇಲೆ ಕೈಯಾಡಿಸಿ, ಭಾಳ ಹತ್ತಿರದವರಾ ಎಂದು ಕೇಳಿದರು. ಹೌದು ಅಂದೆ.

ಆಗ ಎದುರುಮನೆಯ ಅಕ್ಕ ತಿರುಗಿ ನೋಡಿದರು. ಎದ್ದು ಒಳಗೆ ಹೋಗಿ ತಮ್ಮ ರಂಗೋಲಿಯ ಡಬ್ಬಿ ತಂದು ನನ್ನ ತೊಡೆಯ ಮೇಲಿಟ್ಟರು. ಬಾಗಿಲ ಮುಂದೆ ದಾರ, ಮೂಲೆಮಟ್ಟ ಇಲ್ಲದೆ ಎಳೆದ ಗೆರೆಗಳೆಲ್ಲ ಸೊಟ್ಟಗಾದವು. ಅಳಲು ಬಂದವರೆಲ್ಲ ಸುತ್ತ ನಿಂತು ತಪ್ಪು ತೋರಿಸಿದರು.

ಆಮೇಲೆ ಒಂದು ದಿನವೂ ತಪ್ಪದ್ದು ನನ್ನ ನೇಮದಿಂದ ಎಂದು ಬರೆದರೆ ಸುಳ್ಳಾಗುತ್ತದೆ. ತಪ್ಪಿಸಲು ಮನಸ್ಸು ಮಾಡುತ್ತೇನೆ, ಓಣಿಯವರು ಬಿಡುವುದಿಲ್ಲ. ಏಳು ಗಂಟೆ ದಾಟಿದರೆ ಅಕ್ಕ ಬಾಗಿಲು ಬಡಿಯುತ್ತಾರೆ.

"ಮಾಸ್ತರ್ರ, ಅದೀರೇನು?"

"ಅದೀನ್ರಿ, ಅಕ್ಕಾರ."

"ಇದ್ದರ ಲಗೂನ ಒಂದು ಗೆರಿ ಎಳೀರಿ. ನಾವು ಒಲಿ ಹಚ್ಚಬೇಕು."