ಬೆಂಚಿನ ಮೇಲೆ ಕೂತವರ ಪಟ್ಟಿ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಲು ಒಂದು ಬಗೆಯ ಧೈರ್ಯ ಬೇಕು. ಅದು ನನ್ನಲ್ಲಿ ಹುಟ್ಟಿನಿಂದಲೇ ಇಲ್ಲ. ಮೈಸೂರಿನ ಕಾಲೇಜಿನಲ್ಲಿ ಮೇಷ್ಟ್ರು "ಅರ್ಥವಾಯಿತೇ" ಎಂದಾಗ ಎಲ್ಲರಿಗಿಂತ ಮೊದಲು ತಲೆಯಾಡಿಸುತ್ತಿದ್ದವನು ನಾನೇ. ಓದಲೆಂದು ಆಕ್ಲೆಂಡಿಗೆ ಬಂದ ಮೇಲೆ, ಇಲ್ಲಿಯವರ ಇಂಗ್ಲಿಷು ಅರ್ಧ ಮೂಗಿನಲ್ಲೇ ಉಳಿದುಬಿಡುವುದರಿಂದ, ಅಭ್ಯಾಸ ಇನ್ನಷ್ಟು ಬಲಿಯಿತು. ಒಮ್ಮೆ ಹೀಗೆ ತಲೆಯಾಡಿಸಿದ್ದಕ್ಕೆ ಫ್ಲಾಟ್‌ಮೇಟ್ ಒಬ್ಬನ ಮೂರು ಕೋಳಿಗಳನ್ನು ಇಡೀ ಬೇಸಿಗೆ ರಜೆ ಸಾಕಬೇಕಾಗಿ ಬಂದಿತ್ತು. ಆದರೆ ಕೋಳಿಗಳು ವರದಿ ಕೇಳುವುದಿಲ್ಲ. ಬ್ಯಾಂಕು ಕೇಳುತ್ತದೆ.

ಓದು ಮುಗಿಸಿ ನಾನು ಸೇರಿದ್ದು ಒಂದು ಪುಟ್ಟ ಬ್ಯಾಂಕು. ಅದರ ಮಾಲೀಕರು ಇದ್ದದ್ದು ಅಮೆರಿಕದಲ್ಲಿ. ನಿಯಮಪಾಲನೆ ವಿಭಾಗ ಎಂಬ ಘನವಾದ ಹೆಸರಿನ ನಮ್ಮ ಕೋಣೆಯಲ್ಲಿ ಇದ್ದವರು ನಾನು, ನನ್ನ ಮೇಲಧಿಕಾರಿ ಗ್ರಹಾಂ ಮತ್ತು ಒಂದು ಪ್ರಿಂಟರ್. ಮೂವರಲ್ಲಿ ನಿಯಮ ತಪ್ಪದೆ ಕೆಲಸ ಮಾಡುತ್ತಿದ್ದುದು ಪ್ರಿಂಟರ್ ಒಂದೇ. ಗ್ರಹಾಂ ಒಳ್ಳೆಯ ಮನುಷ್ಯ. ಸಮುದ್ರದ ಪಕ್ಕ ಅವನದೊಂದು ಬ್ಯಾಚ್ ಇತ್ತು, ಅಂದರೆ ರಜೆಗೆ ಹೋಗಿ ಬಿದ್ದುಕೊಳ್ಳುವ ಸಣ್ಣ ಮನೆ. ದೇಹ ಕಚೇರಿಯಲ್ಲಿದ್ದರೂ ಅವನು ಬಹುಪಾಲು ಅಲ್ಲೇ ಇರುತ್ತಿದ್ದ.

ಒಂದು ದಿನ ಅಮೆರಿಕದಿಂದ ಇ-ಮೇಲ್ ಬಂತು. ಎಲ್ಲ ಶಾಖೆಗಳೂ ಆರು ವಾರದೊಳಗೆ 'ಸಮುದಾಯ ಮರುಹೂಡಿಕೆ' ವರದಿ ಕಳಿಸಬೇಕು. ಅಲ್ಲಿ ಅಂಥದೊಂದು ಕಾನೂನಿದೆಯಂತೆ: ಬ್ಯಾಂಕು ಯಾವ ಊರುಕೇರಿಯ ಜನರಿಂದ ಠೇವಣಿ ಪಡೆಯುತ್ತದೋ ಅಲ್ಲಿನ ಬಡವರಿಗೂ ಸಾಲ, ಸೌಕರ್ಯ ಕೊಡಬೇಕು, ಕೊಟ್ಟದ್ದಕ್ಕೆ ಪುರಾವೆ ತೋರಿಸಬೇಕು. ಗ್ರಹಾಂ ಅದನ್ನು ಎರಡು ಸಲ ಓದಿ ನನ್ನತ್ತ ತಿರುಗಿದ.

"ನಿನಗೆ ಇದೆಲ್ಲ ಗೊತ್ತಲ್ಲ?"

ನಾನು ತಲೆಯಾಡಿಸಿದೆ.

"ಒಳ್ಳೇದಾಯ್ತು. ನಂಬುವಂಥ ಮಾಹಿತಿ ಎಲ್ಲಿ ಸಿಗುತ್ತೆ ನೋಡಿ ಶುರು ಮಾಡು."

ನಂಬುವಂಥ ಮಾಹಿತಿಯನ್ನು ನಾನು ಎರಡು ವಾರ ಹುಡುಕಿದೆ. ಅಂತರ್ಜಾಲದ ಮೊದಲ ಪುಟ ಎರಡನೆಯದನ್ನು ನೋಡಿ ಎಂದಿತು. ಎರಡನೆಯದು ಮೂರನೆಯದನ್ನು ತೋರಿಸಿತು. ಮೂರನೆಯದು, "ಸಂದೇಹವಿದ್ದಲ್ಲಿ ನಿಮ್ಮ ಬ್ಯಾಂಕಿನ ನಿಯಮಪಾಲನೆ ವಿಭಾಗವನ್ನು ವಿಚಾರಿಸಿ" ಎಂದಿತು. ಅಂದರೆ ನನ್ನನ್ನು. ನಾನು ನನ್ನನ್ನು ವಿಚಾರಿಸಿ ನೋಡಿದೆ, ಉಪಯೋಗವಾಗಲಿಲ್ಲ.

ತೋರಿಸಲು ನಮ್ಮ ಬಳಿ ಇದ್ದದ್ದು ಒಂದೇ ಒಂದು ಸಮುದಾಯ ಸೇವೆ: ಆಕ್ಲೆಂಡಿನ ದಕ್ಷಿಣದ ಅಂಚಿನ ತಕಾನಿನಿಯಲ್ಲಿ ಒಂದು ಡೈರಿಯ ಮುಂದೆ ನಾವು ಹಾಕಿಸಿಕೊಟ್ಟ ಮರದ ಬೆಂಚು. ಡೈರಿ ಎಂದರೆ ಇಲ್ಲಿ ಹಾಲಿನ ಕೇಂದ್ರವಲ್ಲ, ಮೂಲೆಯಂಗಡಿ. ಬ್ಯಾಂಕಿನವರೇ ಸೇರುವ ಒಂದು ಚರ್ಚಾ ತಾಣದಲ್ಲಿ ಹೆಸರು ಹಾಕದೆ, ನ್ಯೂಜಿಲೆಂಡ್ ಎಂದಷ್ಟೇ ಹಾಕಿ ಕೇಳಿದೆ: "ಬೆಂಚು ಮರುಹೂಡಿಕೆ ಆಗುತ್ತದೆಯೇ?" ಒಂದು ವಾರ ಯಾರೂ ಉತ್ತರಿಸಲಿಲ್ಲ. ನನ್ನ ಪ್ರಶ್ನೆ ಹಾಗೆ ಅನಾಥವಾಗಿ ಬಿದ್ದಿರುವುದನ್ನು ನೋಡಲಾಗದೆ ನಾನೇ ಕೆಳಗೆ ಬರೆದೆ: "ಬಹುಶಃ ಆಗುತ್ತದೆ, ಕೂತವರ ದಾಖಲೆ ಇಟ್ಟಿದ್ದರೆ."

ಅದೇ ಭಾನುವಾರ ಹಿಲ್ಸ್‌ಬರೋ ಬಡಾವಣೆಯಲ್ಲಿ ಒಂದು ನಾಮಕರಣದ ಊಟದಲ್ಲಿ ನಾಗರಾಜ ಅಂಕಲ್ ಪಕ್ಕದಲ್ಲಿ ಕೂತೆ. ಮಗಳ ಮನೆಗೆ ಬಂದು ನೆಲೆಸಿದ್ದ ಅಂಕಲ್ ಮಂಡ್ಯದ ಕಡೆ ಮೂವತ್ತು ವರ್ಷ ಬ್ಯಾಂಕ್ ಮ್ಯಾನೇಜರ್ ಆಗಿದ್ದವರು. ನನ್ನ ಕಷ್ಟ ಕೇಳಿ ಹೋಳಿಗೆ ಪಕ್ಕಕ್ಕಿಟ್ಟರು. ಅವರು ಹೋಳಿಗೆ ಪಕ್ಕಕ್ಕಿಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಇದೇನಪ್ಪಾ ಹೊಸದು? ನಾವು ಎಮ್ಮೆ ಸಾಲ ಕೊಡ್ತಿರ್ಲಿಲ್ವಾ. ಫೋಟೋ ಇರ್ಬೇಕು ಅಷ್ಟೆ. ಒಂದ್ಸಲ ನಲವತ್ತು ಫೈಲಲ್ಲೂ ಒಂದೇ ಎಮ್ಮೆ ಇತ್ತು. ಇನ್ಸ್‌ಪೆಕ್ಷನ್ನಿಗೆ ಬಂದೋರು ಮೂರನೇ ಹಳ್ಳೀಲಿ ಅದನ್ನ ಗುರ್ತು ಹಿಡಿದ್ರು. ಅದೂ ಅವರನ್ನ ಗುರ್ತು ಹಿಡೀತು."

"ಆಮೇಲೆ?"

"ಆಮೇಲಿಂದ ಫೋಟೋ ನಂಬ್ಲಿಲ್ಲ. ನಾನೇ ಹೋಗಿ ನೋಡ್ತಿದ್ದೆ. ಕೂತ್ಕಂಡು ಮಜ್ಜಿಗೆ ಕುಡಿದ್ರೆ ತಿಳೀತಿತ್ತು, ಎಮ್ಮೆ ಮನೇದೋ ನೆಂಟರದೋ ಅಂತ."

ಇದನ್ನು ವರದಿಯಲ್ಲಿ ಹೇಗೆ ಹಾಕುವುದು ಎಂದು ತಿಳಿಯದೆ ಮನೆಗೆ ಬಂದೆ.

ಮುಂದಿನ ವಾರ ಗ್ರಹಾಂ ಗೆದ್ದವನ ಹಾಗೆ ಒಳಗೆ ಬಂದ. ಅಮೆರಿಕದ ಸಲಹೆಗಾರರೊಬ್ಬರಿಂದ ಅಧಿಕೃತ ಕೈಪಿಡಿ ತರಿಸಿದ್ದನಂತೆ. ಬೆಂಚಿನ ಪ್ರಶ್ನೆಗೂ ಅದರಲ್ಲಿ ಉತ್ತರವಿತ್ತು. ಅವನು ಗಟ್ಟಿಯಾಗಿ ಓದಿದ: "ಪೆಸಿಫಿಕ್ ವಲಯದ ಅನುಭವಿ ತಜ್ಞರೊಬ್ಬರ ಪ್ರಕಾರ, ಕೂತವರ ದಾಖಲೆ ಇಟ್ಟಿದ್ದರೆ ಬೆಂಚು ಮಾನ್ಯ." ನಾನು ಬಗ್ಗಿ ನೋಡಿದೆ. ನನ್ನದೇ ಮಾತು, 'ಬಹುಶಃ' ಮಾತ್ರ ಮಾಯವಾಗಿತ್ತು. ನನ್ನ ಕಾಗುಣಿತದ ತಪ್ಪನ್ನೂ ಕೈಬಿಟ್ಟಿರಲಿಲ್ಲ.

ಆಗ ನಿಜ ಹೇಳಬೇಕಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನನ್ನು ತಜ್ಞ ಎಂದಿದ್ದರು. ತಲೆಯಾಡಿಸಿದೆ. ಮಾರನೆಯ ಮಧ್ಯಾಹ್ನ ಕ್ಲಿಪ್‌ಬೋರ್ಡ್ ಹಿಡಿದು ಡೈರಿಯ ಮುಂದೆ ನಿಂತೆ.

ಮೂರು ದಿನ ನಿಂತೆ. ಮೊದಲ ದಿನ ಯೂಟ್ ಎಂಬ, ಹಿಂದೆ ಸಾಮಾನು ಹೇರುವ ಗಾಡಿಯಿಂದ ಇಳಿದ ಪ್ಲಂಬರ್ ಒಬ್ಬ ಕೂತು ಮಾಂಸ ತುಂಬಿದ ಪೈ ತಿಂದ. ವರಮಾನದ ಕಾಲಂ ಭರ್ತಿ ಮಾಡಬೇಕಿತ್ತು. ಕೇಳಲು ನಾಚಿಕೆಯಾಗಿ ಪೈಯ ಗಾತ್ರ ನೋಡಿ 'ಮಧ್ಯಮ' ಎಂದು ಬರೆದೆ. ಎರಡನೆಯ ದಿನ ಕೂತದ್ದು ಒಂದು ನಾಯಿ. ಅದನ್ನು 'ಕಡಿಮೆ ವರಮಾನ' ಎಂದು ಬರೆದು, ಮನಸ್ಸಾಕ್ಷಿ ಚುಚ್ಚಿ, ಹೊಡೆದುಹಾಕಿದೆ. ಮೂರನೆಯ ದಿನ ಎರಡು ಚೀಲ ಕ್ಯಾರೆಟ್ ಹೊತ್ತ ಟೋಂಗಾ ದ್ವೀಪದ ಹೆಂಗಸೊಬ್ಬರು ಬಂದು ಕೂತರು. ಅರವತ್ತು ದಾಟಿದ, ಗಟ್ಟಿ ಮೈಕಟ್ಟಿನ ಅವರ ಹೆಸರೇ 'ಮೇಲೆ' ಎಂದು ಆಮೇಲೆ ತಿಳಿಯಿತು. ಏದುಸಿರು ಬಿಡುತ್ತ ನನ್ನನ್ನೇ ನೋಡಿದರು.

"ಕೌನ್ಸಿಲ್‌ನವನಾ? ಬೆಂಚು ಕಿತ್ತುಕೊಂಡು ಹೋಗ್ತೀರಾ?"

"ಇಲ್ಲ ಆಂಟಿ, ಇದನ್ನ ಹಾಕ್ಸಿದ ಬ್ಯಾಂಕಿನವನು. ಯಾರು ಕೂತ್ಕೋತಾರೆ ಅಂತ ಬರೀತಿದೀನಿ."

"ಯಾಕೆ?"

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನು ಬಡವರು, ಸಾಲ, ಪುರಾವೆ ಎಂದೆಲ್ಲ ಹೇಳಿದೆ. ಅವರು ಕ್ಯಾರೆಟ್ ಚೀಲ ಕೆಳಗಿಟ್ಟರು.

"ಹಾಗಾದ್ರೆ ಬರ್ಕೋ. ಗುರುವಾರ ಗುರುವಾರ ಚರ್ಚ್ ಹಾಲಿನಲ್ಲಿ ಎಂಬತ್ತು ಜನಕ್ಕೆ ಅಡಿಗೆ ಮಾಡ್ತೀನಿ. ಹಾಸಿಗೆ ಹಿಡಿದ ಮುದುಕರ ಮನೆಗೂ ಊಟ ಹೋಗ್ಬೇಕು. ವ್ಯಾನು ಸತ್ತು ನಾಲ್ಕು ತಿಂಗಳಾಯ್ತು. ಸಾಲಕ್ಕೆ ನಿಮ್ಮ ಬ್ಯಾಂಕಿಗೇ ಬಂದಿದ್ದೆ. ಅರ್ಜಿ ಕಂಪ್ಯೂಟರಲ್ಲಿ ಹಾಕಿ ಅಂದ್ರು. ಹಾಕಿದೆ. 'ಅಪೂರ್ಣ' ಅಂತ ಮೂರು ಸಲ ಕಾಗದ ಬಂತು. ಏನು ಅಪೂರ್ಣ ಅಂತ ಅದರಲ್ಲಿಲ್ಲ."

ಕಚೇರಿಗೆ ಹೋಗಿ ಹುಡುಕಿದೆ. ಅರ್ಜಿ ಇತ್ತು. ವ್ಯಾಪಾರದ ಲಾಭ ಎಷ್ಟು ಎಂಬಲ್ಲಿ ಅವರು 'ಇಲ್ಲ' ಎಂದು ಬರೆದಿದ್ದರು. ಯಂತ್ರಕ್ಕೆ ಅದು ಉತ್ತರವಾಗಿರಲಿಲ್ಲ. ಮೂರೂ ಸಲ 'ಅಪೂರ್ಣ' ಎಂಬ ಕಾಗದದ ಕೆಳಗೆ ನಿಯಮಪಾಲನೆ ವಿಭಾಗದ ಪರವಾಗಿ ನಾನು ಓದದೆ ಹಾಕಿದ ಸಹಿ ಇತ್ತು. ನನ್ನ ಸಹಿ ಅಷ್ಟು ಚೆನ್ನಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಆ ದಿನ ಊಟದ ಡಬ್ಬಿ ತೆರೆಯಲು ಮನಸ್ಸಾಗಲಿಲ್ಲ.

ಸಂಜೆ ನಾಗರಾಜ ಅಂಕಲ್‌ಗೆ ಫೋನ್ ಮಾಡಿದೆ. ಗುರುವಾರ ಅವರು ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು ಸಮೇತ ಬಂದರು. ಸತ್ತ ವ್ಯಾನಿನ ಸುತ್ತ ಮೂರು ಸುತ್ತು ಹಾಕಿ ಟೈರು ಒದ್ದರು. ಆಮೇಲೆ ಚರ್ಚ್ ಹಾಲಿನಲ್ಲಿ ಕೂತು ಟ್ಯಾರೋ, ಅಂದರೆ ಕೆಸವಿನ ಗಡ್ಡೆಯ ಪಲ್ಯ ತಿಂದರು. ಮೇಲೆ ಆಂಟಿ ಮತ್ತು ಅಂಕಲ್ ಪರಸ್ಪರರ ಇಂಗ್ಲಿಷನ್ನು ಹೇಗೆ ಅರ್ಥ ಮಾಡಿಕೊಂಡರೋ ಕಾಣೆ. ಎರಡು ಗಂಟೆ ಮಾತಾಡಿದರು, ಒಂದು ಸಲ ಕಣ್ಣೊರೆಸಿಕೊಂಡರು, ಮೂರು ಸಲ ನನ್ನತ್ತ ನೋಡಿ ನಕ್ಕರು.

"ಎಮ್ಮೆ ಮನೇದೇ ಕಣಪ್ಪಾ" ಎಂದರು ಅಂಕಲ್, ಕೈ ತೊಳೆಯುತ್ತ. ಅಲ್ಲೇ ಕೂತು ಅರ್ಜಿಯನ್ನು ತಾವೇ ಕೈಬರಹದಲ್ಲಿ ತುಂಬಿ, ಹಿಂದೆ ನಾಲ್ಕು ಪುಟದ ತಪಾಸಣಾ ಟಿಪ್ಪಣಿ ಬರೆದು ಮೇಲೆ ಆಂಟಿಯ ಸಹಿ ಹಾಕಿಸಿದರು. ನಾನು ಅದನ್ನು ಓದದೆಯೇ ಗ್ರಹಾಂ ಮುಂದಿಟ್ಟೆ, ಅನುಭವಿಗಳ ಕೆಲಸ ಎಂಬ ನಂಬಿಕೆಯಿಂದ. ಗ್ರಹಾಂ ಮಾತ್ರ ನಾಲ್ಕೂ ಪುಟ ಓದಿದ. ಬ್ಯಾಚಿನಿಂದ ಪೂರ್ತಿ ಎದ್ದು ಬಂದು ಕಚೇರಿಯಲ್ಲಿ ಕೂತವನನ್ನು ನಾನು ಕಂಡದ್ದು ಅವತ್ತೇ. ಹೊಸ ವ್ಯಾನಿಗೆ ಸಾಲ ಮಂಜೂರಾಯಿತು.

ವರದಿ ಅಮೆರಿಕಕ್ಕೆ ಹೋಯಿತು. ಎರಡೇ ದಿನದಲ್ಲಿ ಉತ್ತರ: ಆ ಕಾನೂನು ಅಮೆರಿಕದೊಳಗಿನ ಬ್ಯಾಂಕುಗಳಿಗೆ ಮಾತ್ರ, ನ್ಯೂಜಿಲೆಂಡಿನ ವಿಳಾಸ ಪಟ್ಟಿಯಲ್ಲಿ ತಪ್ಪಾಗಿ ಸೇರಿತ್ತು, ತೊಂದರೆಗೆ ಕ್ಷಮೆಯಿರಲಿ. ಗ್ರಹಾಂ ಓದಿ, ಅಳಿಸಿ, ಟೀ ಮಾಡಲು ಎದ್ದ. ನನಗೂ ಹಗುರವಾಯಿತು.

ಆ ಹಗುರ ಬುಧವಾರದವರೆಗೆ ಇತ್ತು. ಅವತ್ತು ಮೇಲೆ ಆಂಟಿ ಫೋನ್ ಮಾಡಿ, "ನಾಳೆ ಹತ್ತೂವರೆಗೆ ಬಾ, ಶೂ ಹಳೇದು ಹಾಕ್ಕೋ" ಎಂದರು. ಯಾಕೆ ಎಂದೆ. "ಅರ್ಜೀಲಿ ಇದೆಯಲ್ಲ" ಎಂದರು. ತೆಗೆದು ನೋಡಿದೆ. ಮೂರನೆಯ ಪುಟದಲ್ಲಿ, 'ವಾಹನ ಚಾಲಕ' ಎಂಬುದರ ಮುಂದೆ, ಅಂಕಲ್ ಗುಂಡು ಗುಂಡು ಅಕ್ಷರದಲ್ಲಿ ನನ್ನ ಹೆಸರು ಬರೆದಿದ್ದರು. ಪಕ್ಕದಲ್ಲಿ ಗ್ರಹಾಂ 'ಪ್ರತಿ ಗುರುವಾರ, ಕಚೇರಿಯ ಸಮಯದಲ್ಲಿ, ಒಪ್ಪಿಗೆ' ಎಂದು ಸಹಿ ಮಾಡಿದ್ದ.

ಈಗ ಎರಡನೆಯ ವರ್ಷ. ಮೊನ್ನೆ ಹೊಸಬರೊಬ್ಬರು ಚರ್ಚ್ ಹಾಲಿನಲ್ಲಿ ನನ್ನನ್ನು ತೋರಿಸಿ ಇವರು ಯಾರು ಎಂದು ಕೇಳಿದರು. ಮೇಲೆ ಆಂಟಿ ಕ್ಯಾರೆಟ್ ಹೆಚ್ಚುತ್ತ, ತಲೆಯೆತ್ತದೆ ಹೇಳಿದರು:

"ಅವನಾ? ವ್ಯಾನಿನ ಜೊತೆ ಬಂದ."