ಬಿಳಿ ದೋಣಿ ಮತ್ತು ಹತ್ತು ದಿನದ ನೀರು

ಇಂದ್ರಾಣಿ ಬೆಳಕು ಹರಿಯುವ ಮೊದಲು ಮಾಡುವ ಕೆಲಸಗಳು ಇಷ್ಟು: ಬಾಗಿಲು ಗುಡಿಸಿ ನೀರು ಚಿಮುಕಿಸುವುದು (ಹಾಕುವುದಲ್ಲ, ಚಿಮುಕಿಸುವುದು, ಹಳೇ ಗಣಿಯೂರು ಕೋರಮಂಡಲ್‌ನಲ್ಲಿ ಅಷ್ಟು ಸಿರಿವಂತರು ಯಾರೂ ಇಲ್ಲ), ರಾತ್ರಿಯ ಪಾತ್ರೆ ತಿಕ್ಕುವುದು, ಅತ್ತೆ ಮುನಿಗಂಗಮ್ಮನಿಗೆ ಬಿಸಿನೀರು ಕಾಯಿಸುವುದು, ಗಂಡ ಕಾಂತರಾಜ್ ಕಾರ್ಖಾನೆಗೆ ಒಯ್ಯುವ ಡಬ್ಬಿಗೆ ಚಿತ್ರಾನ್ನ ಕಲೆಸುವುದು, ಅಕ್ಕಿ ತೊಳೆದ ನೀರನ್ನು ಪಾತ್ರೆಗೆ, ಪಾತ್ರೆ ತೊಳೆದ ನೀರನ್ನು ಕಕ್ಕಸಿಗೆ ಎಂದು ಬೇರೆಬೇರೆ ಎತ್ತಿಡುವುದು. ಬುಧವಾರದಿಂದ ಈ ಪಟ್ಟಿಗೆ ಇನ್ನೊಂದು ಸೇರಿತ್ತು. ದೋಣಿ ತಿಕ್ಕುವುದು.

ಹತ್ತು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಊರಿಗೆ ದೋಣಿ ಯಾಕೆ ಬಂತು ಎಂದು ನೀವು ಕೇಳಬೇಕಾಗಿಲ್ಲ. ಇಡೀ ಬೀದಿ ಕೇಳಿ ಮುಗಿಸಿದೆ. ಬೇತಮಂಗಲದ ದಾರಿಯ ಒಂದು ಕಲ್ಯಾಣಮಂಟಪದವರು ವಧೂವರರ ಫೋಟೊಗೆಂದು ಕೊಳದಲ್ಲಿ ಬಿಟ್ಟಿದ್ದ ಫೈಬರ್ ದೋಣಿ ಅದು. ಕೊಳ ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಿದರು. ಅಲ್ಲಿ ಮೋಟಾರು ರಿಪೇರಿಗೆ ಹೋಗಿದ್ದ ಕಾಂತರಾಜ್, ಕೂಲಿಯ ಬದಲು ದೋಣಿಯನ್ನೇ ಹೇರಿಕೊಂಡು ಬಂದ. ಬಂಗಾರಪೇಟೆಯ ಸ್ಟುಡಿಯೋದ ಮಂಜೇಶ್ ಅದನ್ನು ಬೇತಮಂಗಲದ ಕೆರೆಯ ದಡದಲ್ಲಿ ಫೋಟೊ ತೆಗೆಯಲು ಬಾಡಿಗೆಗೆ ಪಡೆಯುತ್ತೇನೆ ಎಂದಿದ್ದ. ಭಾನುವಾರ ಬೆಳಗ್ಗೆ ಏಳಕ್ಕೆ ಟೆಂಪೋ ತರುತ್ತಾನೆ. ಷರತ್ತು ಒಂದೇ, ದೋಣಿ ಹಾಲಿನ ಹಾಗೆ ಬೆಳ್ಳಗಿರಬೇಕು.

ಅದಾದರೋ ಸೊಂಟದ ಸುತ್ತ ಹಳದಿ ಪಟ್ಟಿ ಕಟ್ಟಿ, ಹೊಟ್ಟೆಯ ಅಡಿ ಪಾಚಿ ಬೆಳೆಸಿ, ಬೋಲ್ಟು ಬೋಲ್ಟಿನಿಂದಲೂ ತುಕ್ಕಿನ ಕಣ್ಣೀರು ಸುರಿಸಿಕೊಂಡು ಅಂಗಳದಲ್ಲಿ ಬೋರಲು ಬಿದ್ದಿತ್ತು.

"ಇದನ್ನ ಯಾರ್ರೀ ತಿಕ್ಕೋದು?"

"ದೊಡ್ಡ ಪಾತ್ರೆ ಅಂದ್ಕೊಳೇ," ಎಂದ ಕಾಂತರಾಜ್. (ಪಾತ್ರೆ ಎಂದಾದ ಮೇಲೆ ಅದು ಯಾರ ಇಲಾಖೆ ಎಂಬ ಪ್ರಶ್ನೆಯೇ ಏಳುವುದಿಲ್ಲ.)

ದೋಣಿ ಬಂದ ದಿನವೇ ಅವನು ಇನ್ನೊಂದು ಘನಕಾರ್ಯವನ್ನೂ ಮಾಡಿ ಮುಗಿಸಿದ್ದ. ಮನೆಯಲ್ಲಿದ್ದ ಮೂರು ನೀಲಿ ಡ್ರಮ್ಮುಗಳಲ್ಲಿ ಖಾಲಿಯಾಗಿದ್ದ ಎರಡನ್ನು ಉದ್ದಕ್ಕೆ ಸೀಳಿ, ದೋಣಿ ಕೂರಲು ತೊಟ್ಟಿಲು ಮಾಡಿದ್ದ.

"ಭಾನುವಾರ ನೀರ್ ಬತ್ತದೆ. ಯಾತರಲ್ಲಿ ಇಡೀಲಿ?"

"ಅಷ್ಟ್ರೊಳಗೆ ಒಸಾ ಡ್ರಮ್ಮು ತತ್ತೀನಿ ಕಣೇ. ಫೈಬರ್ರು ನೆಲಕ್ಕೆ ತಾಕಿದ್ರೆ ಗೀರ್ ಬೀಳ್ತದೆ."

"ನನ್ ಮಂಡಿ ತಾಕಿದ್ರೆ?"

"ಅದಕ್ಕೆ ಗೋಣಿಚೀಲ ಆಕ್ಕೊ."

ಮೊದಲ ದಿನ ಸೋಪಿನ ಪುಡಿ. ಪಾಚಿ ಹೋಯಿತು, ಹಳದಿ ಅಲ್ಲೇ ಇತ್ತು. ಮರುದಿನ ಮುನಿಗಂಗಮ್ಮ ತಮ್ಮ ಅನುಭವವನ್ನು ಧಾರೆ ಎರೆದರು. "ಉಣಿಸೇಹಣ್ಣು, ಉಪ್ಪು ಆಕಿ ತಿಕ್ಕಮ್ಮಿ. ಕಾಮಸಮುದ್ರದಾಗೆ ಗುಡಿ ಗಂಟೇನೇ ಬೆಳಗಿದ್ದೀನಿ, ಇದ್ಯಾವ ಮಹಾ!" ವರ್ಷಕ್ಕೆಂದು ಇಟ್ಟಿದ್ದ ಹುಣಿಸೇಹಣ್ಣಿನಲ್ಲಿ ಅರ್ಧ ದೋಣಿಗೆ ಹೋಯಿತು. ತುಕ್ಕು ಸ್ವಲ್ಪ ಬಿಳಿಚಿಕೊಂಡಿತು, ಅಷ್ಟೇ. ಕೊನೆಗೆ ಕಕ್ಕಸಿಗೆ ಹಾಕುವ ಆ್ಯಸಿಡ್ಡಿಗೆ ನೀರು ಬೆರೆಸಿ ಹಚ್ಚಿದಾಗ ಕಲೆ ಸೋಲತೊಡಗಿತು. ಜೊತೆಗೆ ಇಂದ್ರಾಣಿಯ ಬೆರಳುಗಳೂ.

ಕಾಂತರಾಜ್ ಕುರ್ಚಿ ಹಾಕಿಕೊಂಡು ಮೊಬೈಲಿನಲ್ಲಿ ಶಾಸ್ತ್ರ ಓದುತ್ತಿದ್ದ. "ಗುಂಡಗೆ ತಿಕ್ಕಬೇಕಂತೆ, ಅಡ್ಡಡ್ಡ ಅಲ್ಲ. ಐದ್ ನಿಮಿಷಕ್ಕೆ ತೊಳೀಬೇಕಂತೆ, ಇಲ್ದಿದ್ರೆ ಫೈಬರ್ರು ಪುಡಿಪುಡಿ ಆಗ್ತದಂತೆ."

"ಒಂದ್ ಸುತ್ತು ನೀವೇ ತೋರಿಸ್ರಿ."

"ನಂಗೆ ಶಿಫ್ಟಿಗೆ ಒತ್ತಾಯ್ತು."

ತೊಳೆಯುವುದೆಂದರೆ ಪ್ರತಿ ಸಲ ನಾಲ್ಕು ಕೊಡ. ಉಳಿದ ಒಂದೇ ಡ್ರಮ್ಮಿನ ನೀರು ಅವಳ ಕಣ್ಣೆದುರೇ ಇಳಿಯುತ್ತ ಹೋಯಿತು. ಗುರುವಾರ ಅವಳು ಸ್ನಾನ ಬಿಟ್ಟಳು. ಶುಕ್ರವಾರ ಬಟ್ಟೆ ಒಗೆಯುವುದನ್ನು ಬಿಟ್ಟಳು. ಪಕ್ಕದ ಮನೆಯ ಸೆಲ್ವರಾಜ್ ಕಾಂಪೌಂಡಿನ ಮೇಲಿಂದ ಇಣುಕಿ, "ಏನಕ್ಕಾ, ಬೇತಮಂಗಲದ ಕೆರೆ ತಣ್ಣೀರು ನಮ್ಮ ಲೈನ್ ಮನೆಗಳಿಗೆ ಬರಾಕಿಲ್ಲ ಅಂತ ನೀವೇ ಅಲ್ಲಿಗೆ ಒರಟ್ರಾ?" ಎಂದ. ಅವಳು ನಗಬೇಕೆಂದುಕೊಂಡಳು. ಆಗಲಿಲ್ಲ. ಭಾನುವಾರ ನೀರು ಹಿಡಿದಿಡದಿದ್ದರೆ ಇನ್ನು ಹತ್ತು ದಿನ ಅರ್ಧ ಮೈಲಿ ಆಚೆಯ ಬೋರ್‌ವೆಲ್ಲಿನಿಂದ ಸೊಂಟದ ಮೇಲೊಂದು, ಕೈಯಲ್ಲೊಂದು ಕೊಡ ಹೊತ್ತು ತರುವವಳು ಅವಳೇ.

ಶನಿವಾರ ಸಂಜೆ ದೋಣಿ ಬೆಳ್ಳಗಾಯಿತು. ನಾಲ್ಕು ಗಂಡಸರು ಸೇರಿ ಅದನ್ನು ಮಗುಚಿ ತೊಟ್ಟಿಲಿನಲ್ಲಿ ಕೂರಿಸಿದರು. ಕಾಂತರಾಜ್ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, 'ನಾಲ್ಕು ದಿನದ ಪರಿಶ್ರಮ' ಎಂದು ಬೀದಿಯ ಗ್ರೂಪಿಗೆ ಹಾಕಿದ. ಇಪ್ಪತ್ತಾರು ಜನ ಅವನಿಗೆ ಕೈ ಮುಗಿದರು. ಇಂದ್ರಾಣಿ ಒಳಗೆ ಸಾರಿಗೆ ಉಪ್ಪು ಹಾಕುವಾಗ ಬೆರಳುಗಳು ಉರಿದು, ಚಮಚ ಹುಡುಕಿದಳು.

"ಡ್ರಮ್ಮು ಎಲ್ರೀ?"

"ಅಯ್ಯೋ! ಮಂಜೇಶಂಗೆ ಫೋನ್ ಮಾಡೋ ಗಡಿಬಿಡೀಲಿ ಮರ್ತೇ ಓಯ್ತು. ಒಂದ್ರಲ್ಲೇ ಅಡ್ಜಸ್ಟ್ ಮಾಡ್ಕೊ, ಮುಂದಿನ್ ಸಲ ನೋಡಣ."

"ಎಂಗ್ಲಾ ಅಡ್ಜಸ್ಟು?" ಎಂದರು ಮುನಿಗಂಗಮ್ಮ. "ಅತ್ತು ದಿನ ಕಕ್ಕಸಿಗೆ ಓಗ್ದಂಗೆ ಇರ್ತೀಯೇನ್ಲಾ ನೀನು?"

"ಊಟದ್ ಒತ್ನಲ್ಲಿ ಏನ್ ಮಾತಮ್ಮ ಇದು," ಎಂದು ಅವನು ಮುಖ ಸಿಂಡರಿಸಿ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ನಲ್ಲಿ ಕೆಮ್ಮಿತು. ಇಂದ್ರಾಣಿ ಎದ್ದು ಡ್ರಮ್ಮು ತುಂಬಿದಳು. ಕೊಡಗಳು, ಹಂಡೆ, ಕುಕ್ಕರ್, ದೋಸೆಹಿಟ್ಟಿನ ಪಾತ್ರೆ, ಕಾಂತರಾಜನ ಊಟದ ಡಬ್ಬಿಯ ಮೂರು ಅಂತಸ್ತುಗಳು. ತುಂಬುವುದಕ್ಕೆ ಮನೆಯಲ್ಲಿ ಇನ್ನೇನೂ ಉಳಿಯಲಿಲ್ಲ. ನಲ್ಲಿ ಮಾತ್ರ ಇವತ್ತು ಎಂದೂ ಇಲ್ಲದ ಔದಾರ್ಯದಿಂದ ಸುರಿಯುತ್ತಿತ್ತು. ಇನ್ನು ಅರ್ಧ ಗಂಟೆ, ಆಮೇಲೆ ನಿಲ್ಲುತ್ತದೆ. ನೀರು ಚರಂಡಿ ಹಿಡಿದು ಹೊರಟಿತು.

ಅವಳು ದೋಣಿಯನ್ನು ನೋಡಿದಳು. ಅದು ಕತ್ತಲಲ್ಲೂ ಬೆಳ್ಳಗೆ, ಬಾಯಿ ತೆರೆದುಕೊಂಡು ಕೂತಿತ್ತು. ಅದರೊಳಗೆ ನೀರು ಬಿದ್ದರೆ ಸೀಳಿದ ಡ್ರಮ್ಮುಗಳು ಅಪ್ಪಚ್ಚಿಯಾಗುತ್ತವೆ, ದೋಣಿ ನೆಲಕ್ಕೆ ಕೂರುತ್ತದೆ, ಗೀರು ಬೀಳುತ್ತದೆ. ಏಳು ಗಂಟೆಗೆ ಅದನ್ನು ನಾಲ್ಕಲ್ಲ, ಹದಿನಾಲ್ಕು ಗಂಡಸರೂ ಎತ್ತಲಾರರು. ನೀರು ದಿನಕ್ಕೊಂದು ಗೆರೆ ಬಿಟ್ಟು ಇಳಿಯುತ್ತದೆ. ಹತ್ತು ದಿನಕ್ಕೆ ಹತ್ತು ಗೆರೆ. ಆಮೇಲೆ ಅವನ್ನು ತಿಕ್ಕುವವರು ಯಾರು ಎಂಬುದೂ ಅವಳಿಗೆ ಗೊತ್ತಿತ್ತು.

"ನೀರ್ ಬಂತೇನೇ?" ಒಳಗಿನಿಂದ ನಿದ್ದೆಗಣ್ಣಿನ ದನಿ.

"ಬಂತು. ನೀವು ಮಲ್ಕೊಳ್ರಿ."

ಅವಳು ದೋಣಿಯೊಳಗೆ ಬಗ್ಗಿ ತಳದ ತೂತಿನ ಬಿರಡೆಯನ್ನು ಬಿಗಿಯಾಗಿ ಒತ್ತಿದಳು. ಪೈಪನ್ನು ಒಳಕ್ಕೆ ಇಳಿಬಿಟ್ಟು, ನಲ್ಲಿಯನ್ನು ಪೂರ್ತಿ ತಿರುಗಿಸಿದಳು.