ಒಂದನೇ ಇಯತ್ತೆಯ ಹಣ್ಣುಗಳು

ಒಂದನೇ ಇಯತ್ತೆಯ ಮಕ್ಕಳಿಗೆ ಹಣ್ಣಿನ ಚಿತ್ರ ಬರೆಯಲು ಹೇಳಿದರೆ ಸಾಕು, ಗುರುಜಿಯಾದ ನನಗೇ ಪಾಠ ಶುರುವಾಗುತ್ತದೆ. ಅಕ್ಕಲಕೋಟ ತಾಲೂಕಿನ ನಮ್ಮ ಕನ್ನಡ ಶಾಲೆಯಲ್ಲಿ ಇದು ಯಾವ ವರ್ಷವೂ ತಪ್ಪಿದ್ದಲ್ಲ.

ಕಾಣದ ದ್ರಾಕ್ಷಿ

"ನಿಮ್ಮ ಹೊಲದಾಗಿನ ಹಣ್ಣಿನ ಚಿತ್ರ ತಗೀರಿ, ಕಂಡಂಗ ತಗೀರಿ" ಎಂದೆ. ದ್ರಾಕ್ಷಿ ತೋಟದ ಮನೆಯ ಹುಡುಗಿ ಒಂದು ಪೊಟ್ಟಣ ಬರೆದು, ಅದರ ಮೇಲೆಲ್ಲ ಅಕ್ಷರ ಗೀಚಿದಳು.

"ಇದೇನವ್ವಾ?"

"ದ್ರಾಕ್ಷಿರಿ. ಬಿಸಲಿಗೆ ಸುಡ್ತಾವಂತ ಅಪ್ಪ ಪೇಪರ್ ಸುತ್ಯಾನ."

"ಸ್ವಲ್ಪ ಬಿಚ್ಚಿ ತೋರಸಬಾರದೇನ?"

"ಬಿಚ್ಚಿದ್ರ ಅಪ್ಪ ನಿಮಗೂ ಬೈತಾನ್ರಿ."

ಸೀತಾಫಲದ ಪರೀಕ್ಷೆ

ಮೇಜಿನ ಮೇಲೆ ಸೀತಾಫಲ ಇಟ್ಟೆ. ಕುರಿ ಸಾಕುವ ಮನೆಯ ಹುಡುಗ ಪೆನ್ಸಿಲ್ ಮುಟ್ಟಲಿಲ್ಲ. ಎದ್ದು ಬಂದು ಹಣ್ಣನ್ನು ಒತ್ತಿ, ಮೂಸಿ, ಮಧ್ಯಾಹ್ನದ ಊಟದ ಅಕ್ಕಿ ಚೀಲದಲ್ಲಿ ಹುಗಿದ.

"ಇನ್ನಾ ಕಾಯಿ ಐತ್ರಿ. ಕಾಯಿ ತಗದು ಹಣ್ಣಂದ್ರ ಸುಳ್ಳಾಗ್ತದ."

ಮಾತು ಖರೇ ಇತ್ತು, ಒಪ್ಪಿದೆ. ಎರಡು ದಿನ ಬಿಟ್ಟು ಚಿತ್ರ ತಂದ. ಬರೀ ಸಿಪ್ಪೆ ಮತ್ತು ಕರಿ ಬೀಜ, ಬಹಳ ಚಂದ ಬರೆದಿದ್ದ.

"ಹಣ್ಣೆಲ್ಲೋ?"

"ಹಣ್ಣಾಗ್ಯಾದೇನಂತ ನೋಡಿದ್ನಿರಿ. ಆಗಿತ್ತು."

ದಾಖಲಾ ಕೇಳಲು ಬಂದ ಅಪ್ಪ

ನನ್ನ ವರ್ಗದ ಜಾಣೆಯೊಬ್ಬಳ ಅಪ್ಪ, ದಾಳಿಂಬೆ ತೋಟದವರು, ಮೋಟರ್‌ಸೈಕಲ್ ಮೇಲೆ ಬಂದರು. "ಗುರುಜಿ, ಮಗಳ ಸಾಲಿ ಬಿಡೂ ದಾಖಲಾ ಕೊಡ್ರಿ. ಸೋಲಾಪುರದಾಗ ಇಂಗ್ಲಿಷ್ ಸಾಲಿಗಿ ಹಾಕ್ತೀನಿ. ಇಲ್ಲಿ ಬರೇ ಹಣ್ಣಿನ ಚಿತ್ರ."

ನನ್ನ ಜೀವ ಹಾರಿತು. ಇವಳು ಹೋದರೆ ಹಿಂದೆಯೇ ಇನ್ನೂ ನಾಲ್ಕು ಮಕ್ಕಳು ಹೋಗುತ್ತಾರೆ, ವರ್ಗವೇ ಉಳಿಯುವುದಿಲ್ಲ. ಬೇರೇನೂ ತೋಚದೆ ಅವಳ ಚಿತ್ರವನ್ನೇ ಕೈಗಿಟ್ಟೆ. ಕೆಂಪು ದಾಳಿಂಬೆ, ಮೈತುಂಬ ಕರಿ ಚುಕ್ಕೆ, ಒಂದೊಂದರಲ್ಲೂ ಸೀಳು. ಅಳಿಸು ಎಂದು ನಾನೇ ಹೇಳಿದ್ದೆ, ಹುಡುಗಿ ಕೇಳಿರಲಿಲ್ಲ.

ಅಪ್ಪನ ಮುಖ ಇಳಿಯಿತು. ಅಲ್ಲೇ ಕೂತಿದ್ದ ಮಗಳನ್ನು ಕೇಳಿದರು: "ಇದನ್ನ ಎಲ್ಲಿ ನೋಡಿದಿ?"

"ಬಾವಿ ಕಡಿ ಗಿಡದಾಗ. ನಿನಗ ಹೇಳಾಕ ಬಂದ್ನಿ, ನೀ ಫೋನ್‌ನ್ಯಾಗ ಇದ್ದಿ."

"ತೇಲ್ಯಾ ರೋಗ!" ಎಂದವರೇ ಗಾಡಿ ಹತ್ತಿ ಹೊಲಕ್ಕೆ ಓಡಿದರು. ತೋಟವನ್ನೇ ಹಾಳುಮಾಡುವ ಆ ಚುಕ್ಕೆ ರೋಗ ಇನ್ನೂ ಒಂದೇ ಗಿಡಕ್ಕೆ ತಗಲಿತ್ತಂತೆ. ಆ ಟೊಂಗೆಗಳನ್ನು ಕಡಿದು ಸುಟ್ಟು, ತೋಟ ಉಳಿಸಿಕೊಂಡರು. ಆರು ವರ್ಷದ ಹುಡುಗಿಯ ಕಣ್ಣು ನೋಡಿ ನನ್ನ ಎದೆ ಉಬ್ಬಿತು.

ಅವರು ಮತ್ತೆ ಬಂದಾಗ ನಾನು ದಾಖಲಾ ಸಿದ್ಧ ಮಾಡಿಟ್ಟು ತಲೆ ತಗ್ಗಿಸಿ ಕೂತಿದ್ದೆ. ಅವರು ಮೇಜಿನ ಮೇಲೆ ಒಂದು ಚೀಲ ದಾಳಿಂಬೆ ಸುರಿದರು.

"ದಾಖಲಾ ಇರ್ಲಿ ಬಿಡ್ರಿ ಗುರುಜಿ. ಇವು ನಮ್ಮ ತಮ್ಮನ ತ್ವಾಟದ್ವು. ಹುಡುಗರ ಕಡಿಂದ ಚಿತ್ರ ತಗಸ್ರಿ, ಸಂಜಿಕ ಬಂದು ರಿಪೋರ್ಟ್ ಒಯ್ತೀನಿ."